ನೀಲಿ ಬಣ್ಣದ ಪಾಲು

ನಮ್ಮ ಕಡೆ ಜನ ಮಾತಾಡುವುದೇ ಕಡಿಮೆ. ಒಬ್ಬ ಗಂಡಸು ಬೆಳಗ್ಗೆ ಎದ್ದು ‘ಹೂಂ’ ಅಂದನೆಂದರೆ ಸಂಜೆಯವರೆಗೆ ಅದೇ ಸಾಕು. ಅಂಥ ಊರಲ್ಲಿ ನಾನೊಬ್ಬಳು ಬಾಯಿಬಡುಕಿ ಹುಟ್ಟಿಬಿಟ್ಟೆ. ಸುಪೀರಿಯರ್ ಸರೋವರದ ಅಲೆ ನಿಂತರೂ ಐಲಾಳ ಬಾಯಿ ನಿಲ್ಲುವುದಿಲ್ಲ ಎಂದು ನನ್ನ ಗಂಡ ರೈನೋ ಹೇಳುತ್ತಾನೆ. ನಿಲ್ಲದಿದ್ದರೆ ಬೇಡ, ಏನೀಗ? ಈ ಕತೆಯನ್ನಂತೂ ನಾನೇ ಹೇಳಬೇಕು, ಯಾಕೆಂದರೆ ಗೆದ್ದವಳು ನಾನು. ನಮ್ಮ ಗಂಡಸರ ಕೈಗೆ ಕೊಟ್ಟರೆ “ಮರ ಬಿತ್ತು, ಕೊಯ್ದೆವು” ಅಂತ ಮುಗಿಸಿ ಎದ್ದುಹೋಗುತ್ತಾರೆ.

ನಮ್ಮ ಚರ್ಚಿಗೆ ಸೇರಿದ ನಲವತ್ತು ಎಕರೆ ಕಾಡಿದೆ. ಫಿನ್ಲೆಂಡಿನಿಂದ ಬಂದು ಇಲ್ಲಿನ ತಾಮ್ರದ ಗಣಿಗಳಲ್ಲಿ ಮೈಮುರಿದ ನಮ್ಮ ಅಜ್ಜಂದಿರು ಎಲ್ಲರೂ ಕೂಡಿ ಕೊಂಡ ಕಾಡು. ಅಕ್ಟೋಬರಿನಲ್ಲಿ ಎಲೆಯೆಲ್ಲ ಉದುರಿದ ಮೇಲೆ ಒಂದು ಶನಿವಾರ ಊರಿಗೆ ಊರೇ ಅಲ್ಲಿ ಸೌದೆ ಕೊಯ್ಯುತ್ತದೆ. ಮನೆಗೊಂದು ಬಣ್ಣ. ಯಾವ ಮರಕ್ಕೆ ಯಾರ ಬಣ್ಣ ಬಿತ್ತೋ ಅದು ಅವರದು. ನಮ್ಮದು ನೀಲಿ. ರೈನೋನ ಅಣ್ಣ ವೆರ್ನರ್ ಭಾವನದು ಕೆಂಪು, ಕಾಡಿನ ಉಸ್ತುವಾರಿಯೂ ಅವರದೇ. ಬಣ್ಣ ಬೇಕಾದರೆ ಷರತ್ತು ಒಂದೇ: ಆ ಮನೆಯಿಂದ ಒಬ್ಬರಾದರೂ ಗರಗಸ ಹಿಡಿದು ಬರಬೇಕು. ಬರದ ಮನೆಯ ಅಂಗಳಕ್ಕೆ ಸಂಜೆ ಒಂದು ಗಾಡಿ ಸೌದೆ ತಂದು ಸುರಿಯುತ್ತಾರೆ, ರಾಶಿಯ ಮೇಲೆ ಒಂದು ಕೇಕು ಇಟ್ಟು ಹೋಗುತ್ತಾರೆ. ಕೇಕಿನ ರಾಶಿ ಅಂತ ಅದಕ್ಕೆ ಹೆಸರು. ಕೊಡುವವರಿಗೆ ಅದು ಪುಣ್ಯದ ಕೆಲಸ. ತೆಗೆದುಕೊಳ್ಳುವವರಿಗೆ ಆ ಕೇಕು ಗಂಟಲಲ್ಲಿ ಇಳಿಯುವುದಿಲ್ಲ.

ಹೇಗೆ ಗೊತ್ತು ಅಂದರೆ, ನಮ್ಮ ಅಂಗಳಕ್ಕೂ ಒಂದು ವರ್ಷ ಬಿತ್ತು. ರೈನೋ ನಮ್ಮ ಹಬೆಸ್ನಾನದ ಕೋಣೆ ಸೌನಾದ ಸೂರಿನ ಮೇಲಿನ ಹಿಮ ಎಳೆಯಲು ಹತ್ತಿದವನು ಜಾರಿ ಬಿದ್ದು ಬಲ ಭುಜ ಮುರಿದುಕೊಂಡ. ಮೂಳೆ ಕೂಡಿತು, ಶಕ್ತಿ ಬರಲಿಲ್ಲ. ಕಾಫಿ ಲೋಟ ಎತ್ತಬಲ್ಲ, ಗರಗಸ ಎತ್ತಲಾರ. ಆ ವರ್ಷ ಸುರಿದು ಹೋದದ್ದು ಪಾಪ್ಲರ್ ಅನ್ನುವ ಮೆದು ಮರದ ಸೌದೆ, ಅದೂ ಹಸಿ. ಒಲೆಯಲ್ಲಿ ಇಟ್ಟರೆ ಉರಿಯುವುದಕ್ಕಿಂತ ಅಳುವುದೇ ಹೆಚ್ಚು.

ಮನೆ ತಣ್ಣಗಿದ್ದರೆ ಇನ್ನೊಂದು ಸ್ವೆಟರ್ ಹಾಕಿಕೊಳ್ಳಬಹುದು. ಆದರೆ ಶನಿವಾರದ ಸೌನಾ? ಅಂಗಳದ ಆ ಪುಟ್ಟ ಮರದ ಕೋಣೆಯಲ್ಲಿ ಕಲ್ಲು ಕಾಯಿಸಿ, ಅದರ ಮೇಲೆ ನೀರು ಚೆಲ್ಲಿ, ಆವಿಯಲ್ಲಿ ಬೆಂದು ಹೊರಗೆ ಬಂದರೇನೇ ನಮಗೆ ವಾರ ಮುಗಿದಂತೆ. ಆ ಚಳಿಗಾಲದ ಒಂದು ಶನಿವಾರ ರೈನೋ ಕಲ್ಲಿನ ಮೇಲೆ ನೀರು ಹಾಕಿದ. ಕಲ್ಲು ಚುಂಯ್ ಅನ್ನಬೇಕು, ಅನ್ನಲಿಲ್ಲ. ನೀರು ಸುಮ್ಮನೆ ಹರಿದು ಕೆಳಗೆ ತೊಟ್ಟಿಕ್ಕಿತು. ಅವನು ಇನ್ನೊಂದು ಚೊಂಬು ಹಾಕಿದ. ಮತ್ತೆ ಅದೇ. ಮೈಮೇಲೆ ಒಂದು ಹನಿ ಬೆವರಿಲ್ಲದೆ ಇಬ್ಬರೂ ಹಲಗೆಯ ಮೇಲೆ ಕೂತಿದ್ದೆವು. “ನಡಿ ಐಲಾ, ಹೋಗೋಣ” ಅಂದ. ಟವೆಲಿನಲ್ಲಿ ಮುಖ ಒರೆಸಿಕೊಂಡ. ಬೆವರೇ ಇಲ್ಲದ ಮುಖವನ್ನು ಯಾಕೆ ಅಷ್ಟು ಹೊತ್ತು ಒರೆಸಿಕೊಂಡನೋ ನನಗೆ ಗೊತ್ತು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಆವತ್ತು.

ಸೆಪ್ಟೆಂಬರಿನಲ್ಲಿ ವೆರ್ನರ್ ಭಾವ ಬಂದರು. ಕಾಫಿ ಕುಡಿದರು, ಕಿಟಕಿಯಾಚೆ ನೋಡಿದರು, ಕೊನೆಗೆ ಬಾಯಿಬಿಟ್ಟರು.

“ರೈನೋ, ನೀಲಿ ಬಣ್ಣ ಸುಮ್ನೆ ಡಬ್ಬದಲ್ಲೇ ಒಣಗ್ತಾ ಇದೆ. ನಮ್ಮ ಅಳಿಯ ಟಾಡ್‌ಗೆ ಕೊಟ್ಬಿಡೋಣ ಅಂತಿದೀನಿ. ನಿಮಗೇನೂ ಸೌದೆ ಕಮ್ಮಿ ಮಾಡಲ್ಲ. ಹೋದ ಸಲದ ಹಾಗೆ ತಂದು ಹಾಕ್ತೀವಲ್ಲ.”

ರೈನೋ “ಹೂಂ” ಅಂದ.

ನನ್ನ ಮೈಯೆಲ್ಲ ಉರಿದುಹೋಯಿತು. “ಹೂಂ ಅಂತೆ ಹೂಂ! ನಿಮ್ಮಪ್ಪ ಬಳಿದ ಬಣ್ಣ ಕಣೋ ಅದು! ಭಾವ, ಆ ಡಬ್ಬ ಮುಟ್ಟಬೇಡಿ. ನಮ್ಮನೇಲಿ ಗರಗಸ ಹಿಡಿಯೋರು ಇದ್ದಾರೆ.”

“ಯಾರಮ್ಮ?”

“ನಾನು.”

ವೆರ್ನರ್ ಭಾವ ನಕ್ಕರು. ಆ ಮನುಷ್ಯ ವರ್ಷಕ್ಕೊಮ್ಮೆ ಕ್ರಿಸ್ಮಸ್ಸಿಗೆ ನಗುವುದು, ಅದನ್ನು ಸೆಪ್ಟೆಂಬರಿನಲ್ಲೇ ಖರ್ಚು ಮಾಡಿದರು. “ನೀನಾ? ಏನು, ಬಾಯಲ್ಲೇ ಕೊಯ್ತೀಯಾ ಮರಾನ?”

“ಬೇಕಾದ್ರೆ ಅದನ್ನೂ ಮಾಡ್ತೀನಿ.”

“ಆಯ್ತಮ್ಮ, ಬಾ. ಆದ್ರೆ ನಿನ್ನ ಗರಗಸ ನೀನೇ ಹೊರಬೇಕು, ನೀನೇ ಚಾಲೂ ಮಾಡ್ಬೇಕು. ಬೇರೆ ಯಾರೂ ಕೈ ಹಚ್ಚಂಗಿಲ್ಲ. ಸಂಜೆವರೆಗೂ ನೋಡ್ತೀನಿ. ನೀನು ಗರಗಸದವಳು ಅಂತ ನನಗೆ ಅನ್ನಿಸಿದ್ರೆ ನೀಲಿ ನಿಮ್ದು. ಅನ್ನಿಸ್ಲಿಲ್ಲ ಅಂದ್ರೆ ಟಾಡ್‌ಗೆ. ಆಮೇಲೆ ಅಳಬಾರದು.”

“ಅಳೋರು ಯಾರು ಅಂತ ನೋಡೋಣ ಬಿಡಿ” ಅಂದೆ.

ಅವರು ಅತ್ತ ಹೋದ ಮೇಲೆ ನಾನು ಇತ್ತ ಷೆಡ್ಡಿಗೆ ಹೋಗಿ ರೈನೋನ ಚೈನ್ ಗರಗಸ ಎತ್ತಿದೆ. ಅಯ್ಯೋ ದೇವರೇ! ಅದನ್ನು ಗರಗಸ ಅನ್ನಬೇಕೋ ದೋಣಿಯ ಎಂಜಿನ್ ಅನ್ನಬೇಕೋ. ಅಲಗು ನನ್ನ ತೋಳಿಗಿಂತ ಉದ್ದ. ಎತ್ತಿದ ಕೂಡಲೇ ಅದರ ಮೂಗು ನೆಲಕ್ಕೆ ಬಾಗುತ್ತದೆ, ಹಿಂದೆಯೇ ನನ್ನ ಸೊಂಟ. ಇಷ್ಟು ದೊಡ್ಡದು ಯಾಕೆ ಕೊಂಡ ಅಂದರೆ, ಅಣ್ಣನ ಅಲಗು ಉದ್ದ ಇತ್ತು, ತಮ್ಮನದು ಗಿಡ್ಡ ಆಗಬಾರದಲ್ಲ. ನಮ್ಮ ಊರಿನ ಗಂಡಸರು ಗರಗಸ ಆರಿಸುವುದು ಹೀಗೆ. ಮರದ ದಪ್ಪ ನೋಡುವುದಿಲ್ಲ, ಪಕ್ಕದ ಮನೆಯವನ ಅಲಗು ನೋಡುತ್ತಾರೆ.

ನಾನು ಅದನ್ನು ಟ್ರಕ್ಕಿಗೆ ಹಾಕಿಕೊಂಡು ಪೇಟೆಯ ಲೂಯಿಯ ಅಂಗಡಿಗೆ ಹೋದೆ.

“ಯಜಮಾನ್ರಿಗಾ?” ಅಂತ ಕೇಳಿದ ಲೂಯಿ.

“ಯಜಮಾನಿಗೆ.”

ಅವನು ಒಂದು ಗಳಿಗೆ ಗಡ್ಡ ಕೆರೆದುಕೊಂಡು, ಒಳಗಿನಿಂದ ಆಟಿಕೆಯಂಥದ್ದೊಂದು ತಂದ. ಬ್ಯಾಟರಿಯದು. “ಹೆಂಗಸರಿಗೆ ಹಗುರವಾಗಿರತ್ತೆ.”

“ಲೂಯಿ, ನಾನು ಗುಲಾಬಿ ಗಿಡ ಸವರಕ್ಕೆ ಹೋಗ್ತಾ ಇಲ್ಲ. ಮೇಪಲ್ ಮರ ಕೊಯ್ಯಕ್ಕೆ ಹೋಗ್ತಾ ಇದೀನಿ.”

“ಮೇಪಲ್ಲಾ? ಹಾಗಾದ್ರೆ ಇದು” ಅಂತ ಗೋಡೆಯ ಮೇಲಿನ ರಾಕ್ಷಸನ ಕಡೆ ಕೈ ತೋರಿಸಿದ. ಅದು ರೈನೋನದಕ್ಕೂ ದೊಡ್ಡದು.

“ನಿನ್ನ ಅಂಗಡೀಲಿ ಒಂದೋ ಇಲಿ, ಇಲ್ಲ ಅಂದ್ರೆ ಕರಡಿ. ನಡುವೆ ಇರೋ ಪ್ರಾಣಿ ಯಾವುದೂ ಇಲ್ವಾ?”

ಆಮೇಲೆ ದಾರಿಗೆ ಬಂದ. ಸಾಲಾಗಿ ತಂದಿಟ್ಟ. ನಾನು ಒಂದೊಂದನ್ನೇ ಎತ್ತಿ ಸೊಂಟದ ಎತ್ತರಕ್ಕೆ ಹಿಡಿದು ಭಾನುವಾರದ ಪ್ರಾರ್ಥನೆ ಹಾಡು ಗುನುಗತೊಡಗಿದೆ. ಲೂಯಿಗೆ ತಲೆ ಕೆಟ್ಟಿತು. ನನ್ನ ಲೆಕ್ಕ ಇಷ್ಟೇ: ಇಡೀ ಹಾಡು ಮುಗಿಯುವವರೆಗೆ ಕೈ ನಡುಗದಿದ್ದರೆ ಅದು ನನ್ನ ಗರಗಸ. ಎರಡನೇ ಚರಣಕ್ಕೇ ತೋಳು ನಡುಗಿದರೆ ಸಂಜೆ ಹೊತ್ತಿಗೆ ಕಾಲು ಕೊಯ್ದುಕೊಳ್ಳುತ್ತೇನೆ. ಹದಿನಾರು ಇಂಚಿನ ಅಲಗಿನ ಒಂದು ಪೆಟ್ರೋಲ್ ಗರಗಸ ಕೊನೆಯ ‘ಆಮೆನ್’ವರೆಗೂ ಕೈಯಲ್ಲಿ ಕದಲದೆ ನಿಂತಿತು. ಹಿಡಿಯ ಸುತ್ತ ನನ್ನ ಹೆಬ್ಬೆರಳು ಪೂರ್ತಿ ಬಂತು. ಕೈಗವಸು ಹಾಕಿಕೊಂಡೇ ಎಂಜಿನ್ ನಿಲ್ಲಿಸುವ ಗುಂಡಿ ಸಿಕ್ಕಿತು. ಮಣಿಕಟ್ಟು ಮುಂದೆ ತಳ್ಳಿದರೆ ಬ್ರೇಕು ಟಕ್ ಅಂತ ಬಿತ್ತು.

“ಅಲಗು ಗಿಡ್ಡ ಆಗಲ್ವಾ?” ಅಂದ ಲೂಯಿ.

“ನಮ್ಮ ಸೌದೆ ಮರ ಹೆಚ್ಚಿನವು ನನ್ನ ತೊಡೆ ಗಾತ್ರ. ನನ್ನ ತೊಡೆ ನೋಡಬೇಡ, ಮರ ನೋಡು. ದಪ್ಪ ಸಿಕ್ಕಿದ್ರೆ ಈ ಕಡೆ ಅರ್ಧ, ಆ ಕಡೆ ಅರ್ಧ.”

ರೈನೋನ ದೊಡ್ಡ ಗರಗಸವನ್ನು ಅವನ ಮೇಜಿನ ಮೇಲಿಟ್ಟು ಬದಲಿಗೆ ಇದನ್ನು ಎತ್ತಿಕೊಂಡೆ.

“ರೈನೋಗೆ ಗೊತ್ತಾ?” ಅಂತ ಮೆಲ್ಲಗೆ ಕೇಳಿದ.

“ಗೊತ್ತಾಗತ್ತೆ” ಅಂದೆ.

ಗೊತ್ತಾಯಿತು. “ಹಸು ಕೊಟ್ಟು ಕುರಿಮರಿ ತಂದಿದೀಯಲ್ಲೇ!” ಅಂತ ಷೆಡ್ಡಿನ ಬಾಗಿಲಲ್ಲೇ ಕೂಗಿದ. ರಾತ್ರಿ ಊಟಕ್ಕೆ ಕೂತು ಮಾತಾಡಲಿಲ್ಲ. ಅವನು ಮುನಿದಿದ್ದಾನೋ ಮಾಮೂಲಿಯಾಗಿದ್ದಾನೋ ಅಂತ ಮೊದಲ ಅರ್ಧ ಗಂಟೆ ಹೇಳುವುದೇ ಕಷ್ಟ. ನಾನು ಮೀನಿನ ಸಾರಿನ ಪಾತ್ರೆ ಎತ್ತಿಟ್ಟು, ಅಡುಗೆಮನೆ ಮೇಜಿನ ಮೇಲೆ ಹೊಸ ಗರಗಸ ಇಟ್ಟುಕೊಂಡು, ದುಂಡು ಅರ ತೆಗೆದು ಚೈನಿನ ಹಲ್ಲು ಹರಿತ ಮಾಡಲು ಕೂತೆ. ಹೊಸದಕ್ಕೆ ಬೇಕಿರಲಿಲ್ಲ, ನನ್ನ ಸಮಾಧಾನಕ್ಕೆ. ಈ ಕೆಲಸ ನನಗೆ ಹೊಸದಲ್ಲ. ಹತ್ತಿರದ್ದು ಕಾಣದೆ ರೈನೋನ ಕಣ್ಣು ಮಂಜಾದಂದಿನಿಂದ ಅವನ ಚೈನನ್ನು ಮಸೆದವಳು ನಾನೇ. ಪ್ರತಿ ಹಲ್ಲಿಗೂ ಒಂದೇ ಓರೆ, ಒಂದೇ ಲೆಕ್ಕದ ಉಜ್ಜು, ಮುಂದಕ್ಕೆ ಮಾತ್ರ ಉಜ್ಜಬೇಕು, ಹಿಂದಕ್ಕೆ ಎಳೆಯಬಾರದು. ಮರದಿಂದ ಹಿಟ್ಟು ಉದುರಿದರೆ ಚೈನು ಮೊಂಡು. ಚಕ್ಕೆ ಹಾರಿದರೆ ಹರಿತ. ಕಾಡಿನಲ್ಲಿ ಅವನ ಗರಗಸದಿಂದ ಚಕ್ಕೆ ಹಾರುವುದನ್ನು ನೋಡಿ ಊರವರು ಅವನನ್ನು ಹೊಗಳುವಾಗ ನಾನು ಕಾಫಿ ಸುರಿಯುತ್ತಾ ಒಳಗೊಳಗೇ ನಗುತ್ತಿದ್ದೆ.

ಸ್ವಲ್ಪ ಹೊತ್ತಿಗೆ ರೈನೋ ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. ಸೌದೆ ಬುಟ್ಟಿಯಿಂದ ಒಂದು ಹಸಿ ಕಡ್ಡಿ ತೆಗೆದು ಎರಡು ಲೋಟಗಳ ಮೇಲೆ ಅಡ್ಡ ಇಟ್ಟ. ಎಡಗೈ ಬೆರಳಿಂದ ನಡುವೆ ಒತ್ತಿದ.

“ನೋಡಿಲ್ಲಿ. ಎರಡು ತುದಿ ಆನಿಕೊಂಡು ನಡುವೆ ಟೊಳ್ಳಿದ್ರೆ, ಮೇಲುಗಡೆ ಅದುಮಿಕೊಳ್ಳತ್ತೆ, ಕೆಳಗಡೆ ಬಾಯಿ ಬಿಡತ್ತೆ. ಮೇಲಿಂದ ಪೂರ್ತಿ ಕೊಯ್ದರೆ ಮರ ಅಲಗನ್ನ ಕಚ್ಚತ್ತೆ. ಮೇಲೆ ಸ್ವಲ್ಪ, ಉಳಿದಿದ್ದು ಕೆಳಗಿಂದ.” ಆಮೇಲೆ ಗರಗಸದ ಮೂಗಿನ ಮೇಲ್ಭಾಗ ಮುಟ್ಟಿ ತೋರಿಸಿದ. “ಇದು ಎಲ್ಲಾದ್ರೂ ತಾಗ್ತೋ, ಮಷೀನು ನಿನ್ನ ಮುಖಕ್ಕೇ ಎಗರತ್ತೆ. ಎಡಗೈ ನೇರ ಇರ್ಲಿ. ಹೆಬ್ಬೆರಳು ಬಿಡಬೇಡ.”

ಮದುವೆಯ ದಿನ ಕೂಡ ಅವನು ಇಷ್ಟು ಮಾತಾಡಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು. “ಆಯ್ತು ಮಾರಾಯಾ, ಗೊತ್ತಾಯ್ತು” ಅಂದೆ.

ಅಲ್ಲಿಂದಾಚೆಗೆ ದಿನಾ ಹಿತ್ತಲಲ್ಲಿ ಅಭ್ಯಾಸ. ಹಳೆಯ ಬೇಲಿ ಕಂಬ, ಬಿದ್ದ ಬರ್ಚ್ ಮರ, ಸಿಕ್ಕಿದ್ದೆಲ್ಲ ಕೊಯ್ದೆ. ರೈನೋನ ದಪ್ಪ ಪ್ಯಾಂಟಿನ ಕಾಲು ಮಡಚಿ ಹೊಲಿದುಕೊಂಡೆ, ಚೈನು ತಾಗಿದರೂ ಹರಿಯದಂಥದ್ದು. ಅವನು ಮೆಟ್ಟಿಲ ಮೇಲೆ ಕೂತು ತಪ್ಪಾದಾಗ ಬೂಟಿನಿಂದ ಹಲಗೆ ಬಡಿಯುತ್ತಿದ್ದ. ಮೊದಮೊದಲು ಬಡಿದದ್ದೇ ಬಡಿದದ್ದು. ಕೊನೆಕೊನೆಗೆ ಬೂಟು ಸುಮ್ಮನಾಯಿತು.

ಆ ಶನಿವಾರ ಬೆಳಗ್ಗೆ ಹುಲ್ಲೆಲ್ಲ ಮಂಜುಗಟ್ಟಿ ಕಾಲಡಿ ಪುಡಿಯಾಗುತ್ತಿತ್ತು. ಕಾಡಿನ ಅಂಚಿನ ಚಪ್ಪರದಲ್ಲಿ ಹೆಂಗಸರು ಆಗಲೇ ಕಾಫಿ ಹಂಡೆ ಏರಿಸಿದ್ದರು. ವೆರ್ನರ್ ಭಾವನ ಹೆಂಡತಿ ಸಿಲ್ವಿ ಅಕ್ಕ ಏಲಕ್ಕಿ ಹಾಕಿದ ನಿಸು ಬ್ರೆಡ್ಡು ಕೊಯ್ಯುತ್ತಿದ್ದಳು. ಅವಳು ಹೆಚ್ಚಿಗೆ ಒಂದು ಏಪ್ರನ್ ತಂದು ನನ್ನ ಕಡೆ ಚಾಚಿದಳು, ಪ್ರತಿ ವರ್ಷದ ಹಾಗೆ.

“ಬಾ ಐಲಾ, ಲೋಟ ಜೋಡಿಸು.”

“ಇವತ್ತು ನಾನಿಲ್ಲ ಅಕ್ಕ.”

ಅವಳ ಕಣ್ಣು ನನ್ನ ಪ್ಯಾಂಟಿಗೆ, ಹೆಲ್ಮೆಟ್ಟಿಗೆ, ಕೈಯಲ್ಲಿದ್ದ ಗರಗಸಕ್ಕೆ ಹೋಯಿತು. ಏಪ್ರನ್ನನ್ನು ಮೆಲ್ಲಗೆ ಮಡಚಿ ಇಟ್ಟುಕೊಂಡಳು. ಆ ಚಪ್ಪರದ ಕಟ್ಟಳೆ ಏನೆಂದರೆ, ಮೊದಲ ಕಾಫಿ ಗರಗಸದವರಿಗೆ. ಅವರು ಕುಡಿದು, ಎರಡನೇ ಸಲ ಕುಡಿದು, ಲೋಟ ತೊಳೆದಾದ ಮೇಲೆ ಸುರಿದವರ ಪಾಳಿ. ಮದುವೆಯಾಗಿ ಬಂದಾಗಿನಿಂದ ಆ ಕಾಡಿನಲ್ಲಿ ನಾನು ಬಿಸಿ ಕಾಫಿ ಕುಡಿದವಳಲ್ಲ.

ಗಂಡಸರೆಲ್ಲ ಅರ್ಧಚಂದ್ರಾಕಾರದಲ್ಲಿ ನಿಂತು ತಮ್ಮ ಬೂಟು ನೋಡುವ ನೆಪದಲ್ಲಿ ನನ್ನನ್ನು ನೋಡುತ್ತಿದ್ದರು. ನಾನು ಗರಗಸ ನೆಲಕ್ಕಿಟ್ಟು, ಬ್ರೇಕು ಹಾಕಿ, ಹಿಂದಿನ ಹಿಡಿಯಲ್ಲಿ ಬೂಟು ಊರಿ, ಚೋಕ್ ಎಳೆದು ಹಗ್ಗ ಜಗ್ಗಿದೆ. ಸದ್ದಿಲ್ಲ. ಮತ್ತೆ ಜಗ್ಗಿದೆ. ಒಂದು ಕೆಮ್ಮು ಕೆಮ್ಮಿ ಸತ್ತಿತು.

“ಬಾಯಲ್ಲಿ ಒಂದ್ಮಾತು ಹೇಳಿ ನೋಡಮ್ಮ, ಚಾಲೂ ಆಗ್ಬೋದು” ಅಂದರು ವೆರ್ನರ್ ಭಾವ. ಟಾಡ್ ಹಲ್ಲು ಕಿರಿದ.

ಕೆಮ್ಮಿತು ಅಂದರೆ ಚೋಕ್ ತೆಗೆಯಬೇಕು. ಈ ದೊಡ್ಡವರು ಎಷ್ಟು ಸಲ ಅದನ್ನು ಮರೆತು ಎಂಜಿನ್‌ಗೆ ಪೆಟ್ರೋಲ್ ಕುಡಿಸಿ ಮುಳುಗಿಸಿದ್ದಾರೋ ನಾನು ಚಪ್ಪರದಿಂದಲೇ ನೋಡಿದ್ದೇನೆ. ತೆಗೆದು ಜಗ್ಗಿದೆ. ಗರ್ ಅಂತ ಎದ್ದು ಕೂತಿತು. ಟಾಡ್‌ನ ಹಲ್ಲು ಒಳಗೆ ಹೋಯಿತು.

“ನನ್ನ ಪಕ್ಕದಲ್ಲೇ ಇರು. ಕಣ್ಣಳತೆಯಲ್ಲಿರಬೇಕು ನೀನು” ಅಂದರು ಭಾವ. ಸರಿ, ಬೇರೆಯವರೆಲ್ಲ ಕಾಡಿನೊಳಗೆ ಚದುರಿಹೋದರು. ನಾನು ಭಾವನಿಂದ ಕೂಗಳತೆ ದೂರದಲ್ಲಿ, ಗಾಳಿಗೆ ಬಿದ್ದಿದ್ದ ಮರಗಳ ಕೊಂಬೆ ಸವರಿ ಒಲೆಯಳತೆಗೆ ತುಂಡು ಮಾಡುತ್ತಾ ಬಂದೆ. ಕೆಲಸ ಅಂದರೆ ಏನು ಖುಷಿ ಅಂತೀರಿ! ಚಕ್ಕೆಗಳು ಬೂಟಿನ ಮೇಲೆ ಬೀಳುತ್ತಿದ್ದವು, ಹಸಿ ಮರದ ಸಿಹಿ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಗರಗಸವನ್ನು ನಾನು ಒತ್ತಲೇ ಇಲ್ಲ, ಅದರ ಭಾರಕ್ಕೆ ಅದೇ ಇಳಿಯುತ್ತಿತ್ತು. ಆಚೆ ವೆರ್ನರ್ ಭಾವ ತಮ್ಮ ಉದ್ದ ಅಲಗನ್ನು ಮೈಭಾರ ಹಾಕಿ ಒತ್ತುತ್ತಿದ್ದರು. ಬೆಳಗ್ಗೆಯೇ ಎಲ್ಲೋ ಮಣ್ಣಿಗೆ ತಾಗಿಸಿ ಹಲ್ಲು ಮೊಂಡು ಮಾಡಿಕೊಂಡಿದ್ದರು. ಅವರ ಬೂಟಿನ ಮೇಲೆ ಬಿದ್ದದ್ದು ಬರೀ ಹಿಟ್ಟು. ನಿಂತು ಮಸೆಯಲು ಪುರುಸೊತ್ತಿಲ್ಲ, ಯಾಕೆಂದರೆ ನನ್ನ ರಾಶಿ ಬೆಳೆಯುವುದು ಅವರಿಗೆ ಕಾಣುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ತಗ್ಗಿನ ಹತ್ತಿರ ಬಂದೆವು. ಬೇಸಿಗೆಯ ಬಿರುಗಾಳಿಗೆ ಉರುಳಿದ್ದ ಮುದಿ ಮೇಪಲ್ ಒಂದು ಆ ತಗ್ಗಿನ ಮೇಲೆ ಅಡ್ಡ ಬಿದ್ದಿತ್ತು. ಈ ದಡದಲ್ಲಿ ಬುಡ, ಆ ದಡದಲ್ಲಿ ತುದಿ, ನಡುವೆ ಗಾಳಿ. ಗಟ್ಟಿ ಮೇಪಲ್. ಇಡೀ ಚಳಿಗಾಲ ಒಂದು ಸೌನಾವನ್ನು ಕಾಯಿಸುವಂಥ ಮರ. ಯಾರ ಬಣ್ಣವೂ ಬಿದ್ದಿರಲಿಲ್ಲ.

“ಇದು ನಂಗಿರ್ಲಿ” ಅಂದರು ಭಾವ. “ಇಂಥದ್ದಕ್ಕೆ ಉದ್ದ ಅಲಗು ಬೇಕು. ನಿನ್ನ ಬೆಣ್ಣೆ ಚಾಕುಗಲ್ಲ.”

“ಭಾವ, ಎರಡು ಕಡೆ ಆನಿಕೊಂಡಿದೆ. ಮೇಲಿಂದ ಕೊಯ್ದರೆ ಕಚ್ಚತ್ತೆ.”

“ನೀನು ತೊಟ್ಟಿಲಲ್ಲಿದ್ದ ಕಾಲದಿಂದ ಮರ ಕೊಯ್ತಾ ಇದೀನಿ. ನಂಗೆ ಹೇಳ್ಕೊಡ್ತೀಯಾ? ಅದು ಕಚ್ಚೋ ಹೊತ್ತಿಗೆ ನಾನು ಆ ಕಡೆ ದಾಟಿರ್ತೀನಿ.”

ಅದೇ ನೋಡಿ ಉದ್ದ ಅಲಗಿನವರ ರೋಗ. ಒಂದೇ ಏಟಿಗೆ ಪೂರ್ತಿ ಹೋಗುತ್ತದೆ ಅನ್ನುವ ಸೊಕ್ಕು. ಹರಿತ ಚೈನಾಗಿದ್ದರೆ ದಾಟಿಯೂ ಇರುತ್ತಿದ್ದರೇನೋ. ಮೊಂಡು ಹಲ್ಲು ಮೆಲ್ಲಗೆ, ಹಿಟ್ಟು ಉದುರಿಸುತ್ತಾ, ಅರ್ಧ ಇಳಿಯಿತು. ಮರ ‘ಕಿರ್’ ಅಂತು. ಅಲಗಿನ ಹಿಂದೆ ಸೀಳು ಮುಚ್ಚಿಕೊಂಡದ್ದು ನನಗೆ ಇಲ್ಲಿಂದಲೇ ಕಂಡಿತು. ಗರಗಸ ಅಲ್ಲೇ ನಿಂತಿತು.

ಭಾವ ಎಳೆದರು. ಕಾಲು ಕೊಟ್ಟು ಎಳೆದರು. ಬೆಣೆ ಹುಡುಕಿದರು, ಅದು ಟ್ರಕ್ಕಿನಲ್ಲಿತ್ತು. ಮುಖ ಅವರ ಕೆಂಪು ಬಣ್ಣದ ಡಬ್ಬಕ್ಕಿಂತ ಕೆಂಪಗಾಯಿತು.

ನಮ್ಮ ಕಾಡಿನ ಕಟ್ಟಳೆ ಇದು, ಅಜ್ಜಂದಿರ ಕಾಲದ್ದು: ಗರಗಸ ಸಿಕ್ಕಿಕೊಂಡವನು ಎಳೆದಾಡಬಾರದು. ತಲೆಯ ಟೋಪಿ ತೆಗೆದು ಆ ಮರದ ಮೇಲಿಡಬೇಕು. ತನಗೆ ತೀರ ಹತ್ತಿರದಲ್ಲಿರುವ ಗರಗಸದವರನ್ನು ಹೆಸರು ಹಿಡಿದು ಕರೆಯಬೇಕು. ಬಿಡಿಸಿಕೊಟ್ಟವರ ಗರಗಸವನ್ನು ಸಂಜೆ ಅವನೇ ಹೊತ್ತು ಗಾಡಿಗೆ ಮುಟ್ಟಿಸಬೇಕು. ತೀರ ಹತ್ತಿರದವರು ಅನ್ನುವುದಕ್ಕೆ ಕಾರಣವಿದೆ. ಸಿಕ್ಕಿಬಿದ್ದ ಮರ ಯಾವಾಗ ಹೊರಳುತ್ತದೋ ಗೊತ್ತಿಲ್ಲ; ಬೇಕಾದವರಿಗೆ ಕಾಯುತ್ತ ನಿಂತವರು ಕಾಲು ಕಳೆದುಕೊಂಡಿದ್ದಾರೆ.

ಭಾವ ನನ್ನ ಕಡೆ ತಿರುಗಲಿಲ್ಲ. ಕಾಡಿನ ಕಡೆ ತಿರುಗಿ “ಟಾಡ್!” ಅಂತ ಕೂಗಿದರು. “ಟಾಡ್, ಬಾರೋ ಇಲ್ಲಿ!”

ಕೂಗಿನಲ್ಲಿದ್ದ ಗಾಬರಿ ಕೇಳಿ ಒಂದೊಂದೇ ಗರಗಸ ಸುಮ್ಮನಾಯಿತು. ಜನ ಬಂದು ಸೇರಿದರು. ಚಪ್ಪರದಿಂದ ಹೆಂಗಸರೂ ಬಂದರು. ಟಾಡ್ ಓಡಿ ಬಂದು ತನ್ನ ಗರಗಸ ಎತ್ತಿ ಮರದ ಕಡೆ ಒಂದು ಹೆಜ್ಜೆ ಇಟ್ಟ. ನಾನು ಹಲ್ಲು ಕಚ್ಚಿ ನಿಂತಿದ್ದೆ. ಈಗ ಇವನು ಬಿಡಿಸಿದರೆ ನೀಲಿ ಹೋಯಿತು ಅಂತಲೇ ಲೆಕ್ಕ. ಕರೆಯುವಷ್ಟು ದೂರದಲ್ಲೇ ಇದ್ದ ನಾನು ಗರಗಸದವಳಲ್ಲ ಅಂತ ಊರೆಲ್ಲರೆದುರು ತೀರ್ಪಾದಂತೆ.

ಆಗ ಹಿಂದಿನಿಂದ ಒಂದು ದನಿ ಬಂತು.

“ಅಣ್ಣ. ಹತ್ತಿರದವರು.”

ರೈನೋ. ಟ್ರಕ್ಕಿನ ಹಿಂಬದಿ ಹಲಗೆಯ ಮೇಲೆ ಬೆಳಗ್ಗೆಯಿಂದ ಕೂತಿದ್ದವನು ಎದ್ದು ಬಂದಿದ್ದ. ಎರಡೇ ಪದ. ಆದರೆ ಅಣ್ಣನ ಎದುರು ಅವನು ದನಿ ಎತ್ತಿದ್ದನ್ನು ಯಾರೂ ಕೇಳಿದವರಿರಲಿಲ್ಲ. ಟಾಡ್‌ನ ಹೆಜ್ಜೆ ಅಲ್ಲೇ ನಿಂತಿತು. ವಯಸ್ಸಾದ ಒಂದಿಬ್ಬರು ತಲೆಯಾಡಿಸಿದರು.

ವೆರ್ನರ್ ಭಾವ ನೆಲ ನೋಡಿದರು. ಮರ ನೋಡಿದರು. ಆಮೇಲೆ ನಿಧಾನವಾಗಿ ತಲೆಯ ಮೇಲಿನ ಕಿತ್ತಳೆ ಬಣ್ಣದ ಉಣ್ಣೆ ಟೋಪಿ ತೆಗೆದು ಮೇಪಲ್ಲಿನ ಬುಡದ ಮೇಲಿಟ್ಟರು. ಬೋಳು ತಲೆಯ ಮೇಲೆ ನಾಲ್ಕು ಕೂದಲು ಎದ್ದು ನಿಂತಿದ್ದವು.

“ಐಲಾ” ಅಂದರು. “ಐಲಾ, ಗರಗಸ ತಗೊಂಡು ಬಾ.”

ಇಡೀ ಜನ್ಮದಲ್ಲಿ ಆಡಬೇಕೆಂದು ಕೂಡಿಟ್ಟ ಮಾತೆಲ್ಲ ನಾಲಿಗೆ ತುದಿಗೆ ಬಂದು ನಿಂತಿತು. ಬೆಣ್ಣೆ ಚಾಕು ಬೇಕಾ ಭಾವ ಅನ್ನಲೇ? ಬಾಯಲ್ಲೇ ಕೊಯ್ಯಲಾ ಅನ್ನಲೇ? ಊರಿಗೆ ಊರೇ ಅದನ್ನು ಕೇಳಲು ಕಿವಿ ಚಾಚಿತ್ತು.

“ಹೂಂ” ಅಂದೆ.

ನೋಡಬೇಕಿತ್ತು ರೈನೋನ ಮುಖ.

“ಎಂಜಿನ್ ಬಿಚ್ಚಿಕೊಳ್ಳಿ ಭಾವ, ಅಲಗು ಮರದಲ್ಲೇ ಇರ್ಲಿ. ಮರ ಕೆಳಗೆ ಬಿದ್ರೆ ಜಜ್ಜಿಹೋಗತ್ತೆ.” ಅವರು ಪಾನಾ ತೆಗೆದು ಬಿಚ್ಚಿಕೊಂಡರು. ನಾನು ಮೊದಲು ಮರದ ಆ ಬದಿಗೆ ಹೋಗಿ, ಸಿಕ್ಕಿಕೊಂಡ ಜಾಗದಿಂದ ಮೊಳದಷ್ಟು ಆಚೆ, ಈ ಬದಿಯಿಂದ ನನ್ನ ಅಲಗಿಗೆ ಎಟುಕದ ಪಾಲನ್ನು ಕೊಯ್ದುಕೊಂಡೆ. ಆಮೇಲೆ ಈ ಬದಿಗೆ, ಗಟ್ಟಿ ನೆಲದ ಮೇಲೆ ಬಂದು ನಿಂತೆ. ಮೇಲಿನಿಂದ ಒಂದಿಷ್ಟೇ. ಸೀಳು ಬಿಗಿಯಾಗುವ ಮುಂಚೆ ಅಲಗು ತೆಗೆದು ಕೆಳಗೆ ಇಟ್ಟೆ. ಕೆಳಗಿನಿಂದ ಮೇಲಕ್ಕೆ ಕೊಯ್ಯುವಾಗ ಗರಗಸ ಮೈಮೇಲೆ ತಳ್ಳಿಕೊಂಡು ಬರುತ್ತದೆ. ತೊಡೆಗೆ ಆನಿಸಿ ಹಿಡಿದೆ, ಎಡಗೈ ನೇರ, ಹೆಬ್ಬೆರಳು ಬಿಗಿ. ಬಿಳಿ ಚಕ್ಕೆಗಳು ತಗ್ಗಿನೊಳಗೆ ಸುರಿದವು. ಕೆಳಗಿನ ಸೀಳು ಬಾಯಿ ತೆರೆಯುತ್ತಾ ಬಂತು, ಲೋಟದ ಮೇಲಿನ ಆ ಕಡ್ಡಿಯ ಹಾಗೆಯೇ. ಎರಡು ಸೀಳೂ ಕೂಡಿದ್ದೇ ತಡ, ಹಿಂದೆ ಸರಿದೆ. ಮೇಪಲ್ ದೊಪ್ಪಂತ ತಗ್ಗಿಗೆ ಕುಸಿಯಿತು. ನೆಲ ನಡುಗಿದ್ದು ಬೂಟಿನೊಳಗೆ ಗೊತ್ತಾಯಿತು. ಭಾವನ ಅಲಗು ಸಡಿಲವಾಗಿ ಸೀಳಿನಿಂದ ಹೊರಗೆ ಜಾರಿ ಬಿತ್ತು, ಒಂದು ಗೀರೂ ಇಲ್ಲದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ, ನಮ್ಮವರು ತಟ್ಟುವುದಿಲ್ಲ. ಆದರೆ ಸಿಲ್ವಿ ಅಕ್ಕ ಕೆಟಲ್ ಹಿಡಿದು ಜನರ ನಡುವಿನಿಂದ ಬಂದಳು. ತನ್ನ ಗಂಡನನ್ನು ದಾಟಿದಳು, ಅಳಿಯನನ್ನು ದಾಟಿದಳು, ನನ್ನೆದುರು ನಿಂತು ಲೋಟ ತುಂಬಿದಳು.

“ಮೊದಲ ಕಾಫಿ ಗರಗಸದವರಿಗೆ” ಅಂದಳು. “ಕುಡಿಯೇ, ಆರೋಗತ್ತೆ.”

ಗುಟುಕರಿಸಿದೆ. ನಾಲಿಗೆ ಸುಟ್ಟಿತು. ಅಷ್ಟು ರುಚಿಯ ಕಾಫಿಯನ್ನು ನಾನು ಈ ಜನ್ಮದಲ್ಲಿ ಕುಡಿದಿಲ್ಲ.

ಸಂಜೆ ವೆರ್ನರ್ ಭಾವ ಕಟ್ಟಳೆ ಮುರಿಯಲಿಲ್ಲ. ನನ್ನ ಗರಗಸವನ್ನು ತಾವೇ ಹೊತ್ತು, ಎಲ್ಲರ ಮುಂದೆ ನಡೆದು, ನಮ್ಮ ಟ್ರಕ್ಕಿಗೆ ಮುಟ್ಟಿಸಿದರು. “ಹಗುರ ಇದೆ” ಅಂತ ಗೊಣಗಿದರು. ಆಮೇಲೆ ಕೋಟಿನ ಜೇಬಿನಿಂದ ನೀಲಿ ಬಣ್ಣದ ಸ್ಪ್ರೇ ಡಬ್ಬ ತೆಗೆದು, ಅಭ್ಯಾಸ ನೋಡಿ, ರೈನೋನ ಕಡೆ ಚಾಚಿದರು.

ರೈನೋ ಕೈ ಜೇಬಿನಿಂದ ತೆಗೆಯಲಿಲ್ಲ.

ಆಮೇಲೆ ಡಬ್ಬ ನನ್ನ ಕಡೆ ತಿರುಗಿತು. “ಆ ಮೇಪಲ್ ನಿಂದೇ. ನೀನೇ ಬಳಿ” ಅಂದರು.

ಕತ್ತಲಾಗುವುದರೊಳಗೆ ತಗ್ಗಿಗೆ ಓಡಿದೆ. ಡಬ್ಬ ಅಲ್ಲಾಡಿಸಿ ಬುಡದಿಂದ ಹಿಡಿದು ಉದ್ದಕ್ಕೂ ಅಗಲವಾದ ನೀಲಿ ಗೆರೆ ಎಳೆದೆ. ಎಳೆದಾದ ಮೇಲೆ ನೋಡುತ್ತೇನೆ, ಭಾವನ ಕಿತ್ತಳೆ ಟೋಪಿ ಇನ್ನೂ ಬುಡದ ಮೇಲೇ ಇತ್ತು. ಅದರ ಮೇಲೂ ಗೆರೆ ಬಿದ್ದಿತ್ತು. ಬೇಕಂತ ಮಾಡಿದೆ ಅಂತ ಊರಲ್ಲಿ ಹೇಳುತ್ತಾರೆ. ಹೇಳಲಿ, ಬಾಯಿ ಅವರದು. ಆ ಟೋಪಿಯನ್ನು ಭಾವ ತಿಕ್ಕಿ ತೊಳೆದರೂ ನೀಲಿ ಹೋಗಲಿಲ್ಲ, ಹೊಸದು ಕೊಳ್ಳಲು ಅವರಿಗೆ ಮನಸ್ಸು ಬರಲಿಲ್ಲ. ಈಗಲೂ ಅದನ್ನೇ ಹಾಕಿಕೊಂಡು ಚರ್ಚಿಗೆ ಬರುತ್ತಾರೆ.

ಆ ಮೇಪಲ್ಲನ್ನು ಸೀಳಿ, ಪೇರಿಸಿ, ವರ್ಷವಿಡೀ ಒಣಗಿಸಿದೆ. ಮರುವರ್ಷ ಮೊದಲ ಹಿಮ ಬಿದ್ದ ಶನಿವಾರ ಸೌನಾದ ಒಲೆಗೆ ಅದನ್ನೇ ತುಂಬಿದೆ. ಸೌದೆ ಅಳಲಿಲ್ಲ, ನಗುತ್ತಾ ಉರಿಯಿತು. ಮೇಲಿನ ಹಲಗೆಯಲ್ಲಿ ನಾನು ಮತ್ತು ರೈನೋ. ಅವನು ಎಡಗೈಯಲ್ಲಿ ಚೊಂಬು ಎತ್ತಿ ಕಲ್ಲಿನ ಮೇಲೆ ನೀರು ಚೆಲ್ಲಿದ. ಚುಂಯ್! ಕಲ್ಲು ಕೂಗಿದ ಸದ್ದು ಅಂಗಳದಾಚೆ ರಸ್ತೆಗೂ ಕೇಳಿಸಿರಬೇಕು. ಬಿಸಿ ಆವಿ ಸೂರಿಗೆ ಬಡಿದು ನಮ್ಮ ಹೆಗಲ ಮೇಲೆ ಇಳಿಯಿತು. ಅವನ ಹಣೆಯಿಂದ ಮೂಗಿಗೆ, ಮೂಗಿಂದ ಎದೆಗೆ ಬೆವರು ಹರಿಯಿತು. ಕೂಡಿಬಂದ ಭುಜವನ್ನು ಮೆಲ್ಲಗೆ ತಿರುಗಿಸಿ ನೋಡಿದ, ಕಣ್ಣು ಮುಚ್ಚಿದ, ಮುಖ ಒರೆಸಿಕೊಳ್ಳಲೇ ಇಲ್ಲ.

ನಾನು ಚೊಂಬು ಇಸಿದುಕೊಂಡು ಇನ್ನೊಮ್ಮೆ ನೀರು ಹಾಕಿದೆ. ಮತ್ತೊಮ್ಮೆ ಹಾಕಿದೆ.

“ಸಾಕು ಕಣೇ ಐಲಾ, ಬೆಂದುಹೋದೆ!” ಅಂತ ಕೂಗಿಕೊಂಡು ನನ್ನ ಗಂಡ ಹಲಗೆಯಿಂದ ಧುಮುಕಿ, ಬಾಗಿಲು ತೆರೆದು, ಬರಿಮೈಯಲ್ಲಿ ಹಿಮದೊಳಗೆ ಓಡಿದ. ನಾನು ಮೇಲಿನ ಹಲಗೆಯಲ್ಲೇ ಕಾಲು ಚಾಚಿ ಕೂತು ಮತ್ತೊಂದು ಚೊಂಬು ನೀರು ಹಾಕಿದೆ.